ಆರು ಸ್ಪೀಕರು, ಒಂದು ಅಟ್ಟ

ನಮ್ಮ ಮನೆಯಲ್ಲಿ ಈ ಕತೆಯನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ: "ಲಿನಕ್ಸ್ ತೆಗೆಸಿ ವಿಂಡೋಸ್ ಹಾಕ್ಸಿದ್ಮೇಲೆ ಸೌಂಡು ಸರಿಹೋಯ್ತು." ನೆಂಟರು ಬಂದರೆ ಭಾವ ಹೇಳುತ್ತಾರೆ. ಭಾವ ಇಲ್ಲದಿದ್ದರೆ ಅವರ ಪರವಾಗಿ ಅಕ್ಕ ಹೇಳುತ್ತಾಳೆ. ಈ ವಾಕ್ಯದಲ್ಲಿ ಒಂದು ಸುಳ್ಳೂ ಇಲ್ಲ ಎಂಬುದೇ ನನ್ನ ಸಿಟ್ಟು. ಲಿನಕ್ಸ್ ತೆಗೆಸಿದ್ದು ನಿಜ. ಆಮೇಲೆ ಸದ್ದು ಸರಿಹೋದದ್ದೂ ನಿಜ. ಅದೇ ವಾರ ನಮ್ಮ ಹಸು ಕರು ಹಾಕಿತು. ಅದನ್ನೂ ಯಾಕೆ ವಿಂಡೋಸ್ ಲೆಕ್ಕಕ್ಕೆ ಸೇರಿಸಲಿಲ್ಲವೋ ಗೊತ್ತಿಲ್ಲ. ಒಂದಾದ ಮೇಲೆ ಇನ್ನೊಂದಾಯಿತು ಎಂಬುದು ಸಾಕ್ಷಿಯಲ್ಲ; ಚರ್ಚಾಸ್ಪರ್ಧೆಯಲ್ಲಿ ಮೊದಲು ಕಲಿಸುವ ಪಾಠವೇ ಇದು. ಆದರೆ ನಮ್ಮ ಜಗಲಿಯಲ್ಲಿ ತೀರ್ಪುಗಾರರು ಇರುತ್ತಿರಲಿಲ್ಲ, ಅಳಿಯಂದಿರು ಇರುತ್ತಿದ್ದರು.

ಆಗ ನಾನು ತಿಪಟೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ದಂಡಿನಶಿವರದ ಪಕ್ಕದ ನಮ್ಮೂರಿನಿಂದ ದಿನಾ ಬಸ್ಸು. ಕಾಲೇಜಿನ ಮೇಷ್ಟ್ರೊಬ್ಬರು ಹೊಸದು ಕೊಂಡಾಗ ಅವರ ಹಳೆಯ ಲ್ಯಾಪ್‌ಟಾಪನ್ನು ಅಪ್ಪ ನನಗೆ ಕೊಡಿಸಿದ್ದರು. ಅದಕ್ಕೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದ್ದು ನಾನೇ. ಒಂದು ಸಿ.ಡಿ.ಯಿಂದ, ಯಾರ ಸಹಾಯವೂ ಇಲ್ಲದೆ. ನಾನು ಭಾಗವಹಿಸಿದ ಚರ್ಚೆಗಳ ಧ್ವನಿಮುದ್ರಣವೆಲ್ಲ ಅದರಲ್ಲಿತ್ತು. ಗೆದ್ದದ್ದಕ್ಕಿಂತ ಸೋತದ್ದನ್ನು ಹೆಚ್ಚು ಕೇಳುತ್ತಿದ್ದೆ, ಎಲ್ಲಿ ಸಿಕ್ಕಿಬಿದ್ದೆ ಎಂದು ಪತ್ತೆಹಚ್ಚಲು. ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾಗಿದ್ದ ವಸ್ತು ಅದೊಂದೇ.

ಭಾವನದು ಮಾಯಸಂದ್ರದಲ್ಲಿ ಪಂಪು, ಪೈಪಿನ ಅಂಗಡಿ. ದೀಪಾವಳಿಗೆ ಬಂದವರು ಅತ್ತೆ ಮನೆಗೆಂದು ಹೋಮ್ ಥಿಯೇಟರ್ ತಂದರು. ಐದು ಪುಟ್ಟ ಸ್ಪೀಕರು, ಜೊತೆಗೆ ಧಡ್‌ಧಡ್ ಎಂಬ ದಪ್ಪ ಸದ್ದಿಗೆಂದು ಸ್ಟೂಲಿನಷ್ಟು ದೊಡ್ಡ ವೂಫರ್ ಡಬ್ಬ. ಮೂರು ಸ್ಪೀಕರನ್ನು ಗೋಡೆಗೆ ಹೊಡೆದರು, ಎರಡನ್ನು ಹಿಂದಿನ ಕಂಬಗಳಿಗೆ ಕಟ್ಟಿದರು. ವೂಫರಿನ ತೂತಿಗೆ ಅಕ್ಕನ ಮಕ್ಕಳು ಬಳಪ, ಚಕ್ಕುಲಿ ತುರುಕತೊಡಗಿದ್ದರಿಂದ ಅದನ್ನು ಎತ್ತಿ ಅಟ್ಟದ ಮೇಲಿಟ್ಟರು. ನಮ್ಮ ಕಡೆಯ ಅಟ್ಟವೆಂದರೆ ಗೊತ್ತಲ್ಲ, ಬಿದಿರ ದಬ್ಬೆ ಹಾಸಿ, ಕೊಬ್ಬರಿಯಾಗಲೆಂದು ವರ್ಷದ ತೆಂಗಿನಕಾಯಿಯನ್ನು ಸಿಪ್ಪೆಸಮೇತ ರಾಶಿ ಹಾಕುವ ಜಾಗ. ಆ ರಾಶಿಯನ್ನೇ ಸ್ವಲ್ಪ ಸರಿಸಿ ವೂಫರಿಗೆ ಜಾಗ ಮಾಡಿದರು.

ಸಿನಿಮಾ ಇದ್ದದ್ದು ಭಾವನ ಪೆನ್‌ಡ್ರೈವಿನಲ್ಲಿ. ಹಾಗಾಗಿ ನನ್ನ ಲ್ಯಾಪ್‌ಟಾಪಿಗೇ ವೈರು ಸಿಕ್ಕಿಸಿದರು. ಮುಂದಿನ ಎರಡು ಸ್ಪೀಕರು ಮಾತ್ರ ಮಾತಾಡಿದವು. ಉಳಿದ ನಾಲ್ಕು ಮೌನ.

"ಇದೇನಮ್ಮಾ ಲಾಯರಮ್ಮಾ, ನಿನ್ ಲಿನಕ್ಸ್‌ಗೆ ಎರಡೇ ಬಾಯಾ?" ಎಂದರು ಭಾವ.

"ಸೆಟ್ಟಿಂಗು ಭಾವ. ಸರಿ ಮಾಡ್ತೀನಿ."

"ಬಿಟ್ಟಿ ಕೊಡೋದು ಬಿಟ್ಟಿ ಥರಾನೇ ಇರ್ತದೆ ಕಣಮ್ಮಾ. ಬರೋ ಭಾನುವಾರ ಬತ್ತೀನಿ. ಅಷ್ಟ್ರಲ್ಲಿ ಆರೂ ಕಡೆಯಿಂದ ಸರಿಯಾಗಿ ಸೌಂಡು ಬರಬೇಕು. ಇಲ್ಲಾಂದ್ರೆ ತಿಪಟೂರಿಗೆ ತಗೊಂಡೋಗಿ ಎಲ್ಲಾ ಒರೆಸ್ಸಿ ವಿಂಡೋಸ್ ಹಾಕಿಸ್ಬುಡ್ತೀನಿ. ಏನ್ ಮಾವ?"

ಅಪ್ಪ "ಹೂಂ" ಎಂದರು. ನನ್ನ ಲ್ಯಾಪ್‌ಟಾಪು, ನನ್ನ ಕಣ್ಣೆದುರಿಗೇ, ಒಂದು "ಹೂಂ"ನಲ್ಲಿ ಪಣಕ್ಕೆ ಬಿತ್ತು. ನಾನು ಒಪ್ಪಿದೆನೇ ಎಂದು ಯಾರೂ ಕೇಳಲಿಲ್ಲ.

ವಾರವೆಲ್ಲ ಕಾಲೇಜು ಬಿಟ್ಟ ಮೇಲೆ ಸೈಬರ್ ಸೆಂಟರಿನಲ್ಲಿ ಕೂತೆ. ನನ್ನದರಲ್ಲಿದ್ದಂಥದೇ ಸೌಂಡ್ ಚಿಪ್ ಇರುವ ಲ್ಯಾಪ್‌ಟಾಪಿಟ್ಟುಕೊಂಡು ಜಗತ್ತಿನ ಯಾವಯಾವುದೋ ಮೂಲೆಯ ಜನ ಇದೇ ಗೋಳು ತೋಡಿಕೊಂಡಿದ್ದರು. ಕೆಲವರು ಉತ್ತರ ಹೇಳಿದ್ದರು, ಕೆಲವರು ಪ್ರಶ್ನೆ ಕೇಳಿದವರನ್ನೇ ಬೈದಿದ್ದರು. ತಿಳಿದದ್ದು ಇಷ್ಟು: ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಮೂರು ತೂತುಗಳಲ್ಲಿ ಒಂದು ಹೆಡ್‌ಫೋನಿಗೆ, ಒಂದು ಮೈಕಿಗೆ, ಇನ್ನೊಂದು ಹೊರಗಿನ ಸದ್ದನ್ನು ಒಳಗೆ ತರುವುದಕ್ಕೆ. ಮೂರೂ ಸದ್ದು ಹೊರಗೆ ಕಳಿಸಬೇಕೆಂದರೆ, ಒಳಗಿರುವುದು ಯಾವ ಮಾದರಿಯ ಸೌಂಡ್ ಚಿಪ್ ಎಂದು ಲಿನಕ್ಸಿಗೆ ಒಂದು ಫೈಲಿನಲ್ಲಿ ಬರೆದು ತಿಳಿಸಬೇಕು. ಇನ್ನೊಂದು ಫೈಲಿನಲ್ಲಿ ಎರಡು ಚಾನೆಲ್ ಎಂದಿರುವುದನ್ನು ಆರು ಮಾಡಬೇಕು. ಆಮೇಲೆ ಸದ್ದು ಹೆಚ್ಚು-ಕಡಿಮೆ ಮಾಡುವ ಮಿಕ್ಸರಿನಲ್ಲಿ ಬಾಯಿ ಮುಚ್ಚಿಸಿರುವ ಪಟ್ಟಿಗಳನ್ನು ಒಂದೊಂದಾಗಿ ತೆರೆಯಬೇಕು.

ಮಾದರಿಯ ಹೆಸರು ಮೊದಲ ಸಲ ತಪ್ಪಿತು. ಇದ್ದ ಎರಡು ಸ್ಪೀಕರೂ ಸತ್ತವು. ಎರಡನೆಯ ಹೆಸರಿಗೆ ಮೈಕಿನ ತೂತಿನಿಂದ ಗುಂಯ್ ಎಂಬ ಸದ್ದು. ಶನಿವಾರ ಮಧ್ಯಾಹ್ನ ಇನ್ನೊಂದು ಹೆಸರು ಹಾಕಿ, ಲ್ಯಾಪ್‌ಟಾಪು ಆರಿಸಿ ಹೊತ್ತಿಸಿ, ಪರೀಕ್ಷೆಯ ಆಜ್ಞೆ ಕೊಟ್ಟೆ. ಇಂಗ್ಲಿಷಿನ ಹೆಂಗಸೊಬ್ಬಳು ಮುಂದಿನ ಎಡಗಡೆಯಿಂದ ತಾನೆಲ್ಲಿದ್ದೇನೆಂದು ಹೇಳಿದಳು. ಆಮೇಲೆ ಬಲಗಡೆಯಿಂದ. ಆಮೇಲೆ ಹಿಂದಿನ ಕಂಬದಿಂದ.

ಕಂಬಕ್ಕೆ ಒರಗಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಮೊರ ಸಮೇತ ಎದ್ದು ನಿಂತರು. "ಯಾವಳೇ ಅವಳು, ಕಂಬದೊಳಗ್ ಸೇರ್ಕೊಂಡಿರೋಳು?"

"ಸ್ಪೀಕರ್ ಅಜ್ಜಿ. ಎಲ್ಲೆಲ್ಲಿದೀನಿ ಅಂತ ಹೇಳ್ತಾ ಅವ್ಳೆ."

"ಹಂಗಾದ್ರೆ ನನ್ ಬೆನ್ ಹಿಂದೆ ಬುಟ್ಟು ಬೇರೆ ಎಲ್ಲಾದ್ರೂ ಇರಕ್ಕೇಳು."

ಅಟ್ಟದ ವೂಫರಿನಿಂದಲೂ, ಅವಳ ಮಾತಿನ ಬದಲು, 'ಶ್‌ಶ್' ಎಂದು ಮೆಲ್ಲನೆ ಸದ್ದು ಬಂತು. ಆರಕ್ಕೆ ಆರು. ಮನೆಯಲ್ಲಿ ಅದನ್ನು ಕೇಳಿದ್ದು ನಾನು, ಅಜ್ಜಿ ಮತ್ತು ಅಪ್ಪ. ಅಪ್ಪ ಬಾಗಿಲಲ್ಲಿ ನಿಂತು ನೋಡಿ "ಭೇಷ್" ಎಂದರು. ಅಪ್ಪನ ಬಾಯಿಂದ ಅದು ಸುಲಭಕ್ಕೆ ಬೀಳುವ ಮಾತಲ್ಲ.

ಭಾನುವಾರ ಭಾವ ಬಂದರು, ಸಿನಿಮಾ ಹಾಕಿದರು. ಆರೂ ಕಡೆಯಿಂದ ಸದ್ದು. ಮಳೆ ಹಿಂದಿನಿಂದ ಸುರಿಯಿತು, ಕುದುರೆ ಎಡದಿಂದ ಬಲಕ್ಕೆ ಓಡಿತು. ನಾನು ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಬಾಂಬು ಸಿಡಿಯುವ ದೃಶ್ಯ ಬಂತು. ಧಡ್ ಎಂಬ ಸದ್ದಿನ ಬೆನ್ನಿಗೇ ಗಡಗಡಗಡ ಎಂದು ಇನ್ನೊಂದು ಸದ್ದು. ಮತ್ತೆ ಬಾಂಬು, ಮತ್ತೆ ಗಡಗಡ. ಡ್ರಮ್ಮು ಬಡಿದರೂ ಗಡಗಡ.

"ಸೌಂಡು ಒಡೀತಾ ಐತೆ," ಎಂದರು ಭಾವ, ರೋಗ ಕಂಡುಹಿಡಿದ ಡಾಕ್ಟರ ಹಾಗೆ. "ಲಿನಕ್ಸ್ ಕಣಮ್ಮಾ. ನಾನ್ ಹೇಳ್ಲಿಲ್ವಾ?"

ನಾನು ವಾದಕ್ಕೆ ನಿಲ್ಲಲಿಲ್ಲ, ಪರೀಕ್ಷೆಗೆ ಇಳಿದೆ. ಲ್ಯಾಪ್‌ಟಾಪಿನ ವೈರು ಕಿತ್ತು ಟೀವಿಯ ವೈರು ಹಾಕಿದೆ. ಯಾವುದೋ ಚಾನೆಲ್ಲಿನಲ್ಲಿ ತಮಟೆಯ ಹಾಡು ಬರುತ್ತಿತ್ತು. ಅದಕ್ಕೂ ಗಡಗಡ.

"ನೋಡಿ ಭಾವ, ಲ್ಯಾಪ್‌ಟಾಪೇ ಇಲ್ಲ. ಆದ್ರೂ ಸದ್ದು ಐತೆ. ಈಗೇನಂತೀರಿ?"

"ಏನನ್ಲಿ? ನಿನ್ ಲಿನಕ್ಸು ವೂಫರ್ನೂ ಕೆಡಿಸೈತೆ ಅಂತೀನಿ."

ಈ ವಾದಕ್ಕೆ ಉತ್ತರ ಎಲ್ಲಿದೆ? ಲಿನಕ್ಸ್ ಇದ್ದರೆ ಇದ್ದದ್ದರಿಂದ ತಪ್ಪು, ಇಲ್ಲದಿದ್ದರೆ ಇದ್ದುಹೋದದ್ದರಿಂದ ತಪ್ಪು. ಸ್ಪರ್ಧೆಯಲ್ಲಿ ಹೀಗೆ ಮಾತಾಡಿದ್ದರೆ ಸಭೆಯೇ ನಗುತ್ತಿತ್ತು. ಇಲ್ಲಿ ಅಕ್ಕ "ಅವರಿಗೆ ಮಿಷಿನ್ ವಿಷ್ಯ ಚೆನ್ನಾಗ್ ಗೊತ್ತು ಕಣೇ, ಸುಮ್ನೆ ವಾದ ಮಾಡ್ಬೇಡ" ಎಂದಳು. ಪಂಪಿನ ಮಿಷಿನ್ನು! ನಾನು ಅಪ್ಪನ ಕಡೆ ತಿರುಗಿದೆ. "ಅಪ್ಪಾ, ನಿನ್ನೆ ನೀನೇ ಕೇಳಿದ್ಯಲ್ಲ, ಸರಿ ಇತ್ತು ಅಂತ ಹೇಳು." ಅಪ್ಪ ಆಗ ಲ್ಯಾಪ್‌ಟಾಪನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ತಲೆ ಎತ್ತಿ ಅಟ್ಟದ ದಬ್ಬೆಗಳನ್ನು ನೋಡುತ್ತಿದ್ದರು. ಆಮೇಲೆ ತಲೆ ತಗ್ಗಿಸಿ, "ಬುಡು ಮಗಾ, ನೆಂಟ್ರು ಬಂದಿರೋ ಹೊತ್ನಲ್ಲಿ ಯಾಕೆ" ಎಂದರು.

ಊಟಕ್ಕೆ ಕೂತಾಗ ಭಾವ ಲ್ಯಾಪ್‌ಟಾಪು ಒಯ್ಯುವ ಮಾತು ಪಕ್ಕಾ ಮಾಡಿದರು. ಅಪ್ಪ ಅನ್ನ ಕಲಸುತ್ತಾ ಸಂಬಂಧವೇ ಇಲ್ಲದಂತೆ ಅಜ್ಜಿಗೆ ಹೇಳಿದರು: "ಈ ಸಲ ಅಟ್ಟದ ಕಾಯಿ ಬೇಗ ಆಗವೆ ಕಣವ್ವಾ. ಈ ವಾರಾನೇ ಇಳಿಸ್ಬುಡಾನ."

ನನ್ನ ತಲೆಯಲ್ಲಿ ಲ್ಯಾಪ್‌ಟಾಪು ಬಿಟ್ಟು ಬೇರೇನೂ ಇರಲಿಲ್ಲ. ಕಾಯಿಯ ಮಾತು ಕಿವಿಯ ಮೇಲೆ ಹಾದು ಹೋಯಿತು.

ಸೋಮವಾರ ಬೆಳಿಗ್ಗೆ ಭಾವ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದರು. "ಒಳಗಿರೋದನ್ನ ಸಿ.ಡಿ.ಗೆ ತುಂಬ್ಸಿ, ಆಮೇಲೆ ಒರೆಸ್ಲಿ" ಎಂದು ಬಸ್ ಸ್ಟಾಪಿನವರೆಗೂ ಹೇಳಿದೆ. "ಆಯ್ತಮ್ಮಾ ಆಯ್ತು" ಎಂದರು. ಅಂಗಡಿಯವನಿಗೆ ಅವರು ಅದನ್ನು ಹೇಳಲೇ ಇಲ್ಲ. ಲ್ಯಾಪ್‌ಟಾಪು ತಿರುಗಿ ಬಂದಾಗ ಪರದೆಯ ಮೇಲೆ ವಿಂಡೋಸಿನ ಹಸಿರು ಗುಡ್ಡ, ನೀಲಿ ಆಕಾಶ. ನನ್ನ ಧ್ವನಿ ಎಲ್ಲೂ ಇಲ್ಲ.

ಮುಂದಿನ ಭಾನುವಾರ ಅದೇ ಸಿನಿಮಾ ಹಾಕಿದರು. ಅದೇ ಬಾಂಬು. ಧಡ್ ಎಂದಿತು, ಅಷ್ಟೆ. ಗಡಗಡ ಇಲ್ಲ. ಭಾವ ಕೈ ಚಾಚಿ ನನ್ನ ಕಡೆ ತೋರಿಸಿದರು. "ಈಗೇನಂತೀಯಮ್ಮಾ ಲಾಯರಮ್ಮಾ?" ಎಲ್ಲರೂ ನಕ್ಕರು. ಅಪ್ಪ ಆ ನಗೆಗೂ ಇರಲಿಲ್ಲ, ಹಿತ್ತಲಿಗೆ ಹೋಗಿದ್ದರು.

ಭಾವ, ಅಕ್ಕ ಸಂಜೆಯ ಬಸ್ಸಿಗೆ ಹೊರಟ ಮೇಲೆ ನಾನೂ ಹಿತ್ತಲಿಗೆ ಹೋದೆ. ನಾನು ಕಾಲೇಜಿಗೆ ಹೋಗಿದ್ದ ದಿನಗಳಲ್ಲಿ ಅಟ್ಟದ ಕಾಯಿಯೆಲ್ಲ ಇಳಿದಿತ್ತು. ಸುಲಿದದ್ದು ಒಂದು ಕಡೆ, ಸುಲಿಯದ್ದು ಒಂದು ಕಡೆ. ಅಪ್ಪ ಮಣೆಯ ಮೇಲೆ ಕೂತು ಉಳಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದ್ದರೆ ಅದು ಸದ್ದು ಮಾಡುತ್ತದೆ. ಬಿಡದಿದ್ದರೆ ಸುಮ್ಮನಿರುತ್ತದೆ. ಸುಮ್ಮನಿದ್ದದ್ದು ಮತ್ತೆ ಅಟ್ಟಕ್ಕೆ. ಕಾಯಿಯ ಸದ್ದು ಹಿಡಿಯುವುದರಲ್ಲಿ ಅಪ್ಪನ ಕಿವಿ ಸುತ್ತಲ ಊರಿಗೆಲ್ಲ ಹೆಸರುವಾಸಿ. ರಾಶಿ ನೋಡಿ ಬೆಲೆ ಕಟ್ಟಲು ಬರುವ ವ್ಯಾಪಾರಿಗಳೂ ಅಪ್ಪನ ಕೈಗೆ ಒಂದು ಕಾಯಿ ಕೊಟ್ಟು ಕೇಳುತ್ತಿದ್ದರು.

ಅಪ್ಪ ಒಂದು ಕಾಯಿ ಅಲ್ಲಾಡಿಸಿದರು. ಗಡಗಡ.

ಇನ್ನೊಂದು. ಗಡಗಡ.

ಆ ಸದ್ದನ್ನು ನಾನು ಕೇಳಿದ್ದೆ. ಸಾವಿರ ಕಾಯಿ ಒಟ್ಟಿಗೆ, ವೂಫರಿನ ಏಟಿಗೆ ದಬ್ಬೆ ನಡುಗಿದಾಗಲೆಲ್ಲ, ನಮ್ಮ ತಲೆಯ ಮೇಲೆಯೇ.

ಅಪ್ಪ ನನ್ನ ಮುಖ ನೋಡಿದರು. ಕೈಯಲ್ಲಿದ್ದ ಕಾಯಿ ಕಿವಿಯ ಹತ್ತಿರವೇ ನಿಂತಿತು. ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು ನಾನು ಒಂದೇ ಪ್ರಶ್ನೆ ಕೇಳಿದೆ.

"ಅಪ್ಪಾ, ಅವತ್ತು ಊಟಕ್ಕೆ ಕೂತಾಗ ಕಾಯಿ ಆಗವೆ ಅಂದ್ಯಲ್ಲ, ಅಟ್ಟ ಹತ್ತದೆ, ಒಂದ್ ಕಾಯೂ ಕೈಯಲ್ಲಿ ಹಿಡೀದೆ, ಅದು ನಿಂಗೆ ಹೆಂಗ್ ಗೊತ್ತಾಯ್ತು?"