ಕಂಪೌಂಡಿನ ಮೇಲಿಟ್ಟ ಬಾಳೆಹಣ್ಣು

ಮೊನ್ನೆ ತವರು ಕಮಲಾಪುರಕ್ಕೆ ಹೋಗಿ ಬರುವಾಗ ಅಲ್ಲಿಯ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತೆಗೆದುಕೊಂಡೆ. ಕಲಬುರಗಿ ಮುಟ್ಟುವಷ್ಟರಲ್ಲಿ ಬಿಸಿಲಿನ ಝಳಕ್ಕೆ ಕಾರಿನ ತುಂಬ ಆ ಹಣ್ಣಿನ ದಪ್ಪ, ಸಿಹಿ ವಾಸನೆ.

"ಮನ್ಯಾಗ ಯಾರೂ ತಿನ್ನಂಗಿಲ್ಲ. ಪ್ರತಿ ಸಲ ಯಾಕ ತಗೋತಿ?" ಎಂದರು ನಮ್ಮ ಮನೆಯವರು.

ಆ ವಾಸನೆಗೆ ನನಗೆ ನೆನಪಾಗುವುದು ತವರಲ್ಲ, ನಮ್ಮ ಓಣಿಯ ಗೇಟು ಕಾಯುತ್ತಿದ್ದ ಗೂರ್ಖಾ.

ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಅವನು ಒಂಬತ್ತು ವರ್ಷ ಇದ್ದ. ದೊಡ್ಡವರು ಸಣ್ಣವರು ಎಲ್ಲರಿಗೂ ಅವನು ಗೂರ್ಖಾನೇ. ಹೆಸರು ನಾನು ಯಾವತ್ತೂ ಕೇಳಲಿಲ್ಲ. ಈಗ ಬರೆಯಲು ಕೂತರೆ ಬರೆಯುವುದಕ್ಕೂ ಒಂದು ಹೆಸರಿಲ್ಲ... ಮುಂಜಾನೆ ನಾನು ಕಂಪೌಂಡ್ ಗೋಡೆಯ ಮೇಲೆ ಸ್ಟೀಲ್ ಲೋಟದಲ್ಲಿ ಚಹಾ ಇಡುತ್ತಿದ್ದೆ. ಅವನು ಕುಡಿದು, ಲೋಟ ತೊಳೆದು, ಅದೇ ಜಾಗದಲ್ಲಿ ಬೋರಲು ಹಾಕುತ್ತಿದ್ದ. ಒಂಬತ್ತು ವರ್ಷ ನಮ್ಮ ನಡುವೆ ಹೆಚ್ಚಾಗಿ ನಡೆದ ಮಾತುಕತೆ ಅಷ್ಟೇ. ನನ್ನನ್ನು ದೀದಿ ಎನ್ನುತ್ತಿದ್ದ, ನಮ್ಮ ಅತ್ತೆಯನ್ನು ಮಾಜೀ.

ನೇಪಾಳದಲ್ಲಿ ಭೂಮಿ ನಡುಗಿದ ಬೇಸಿಗೆಯದು. ಟೀವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕುಸಿದ ಗುಡಿಗಳು, ನಮ್ಮ ದೇಶದ ವಿಮಾನಗಳು, ಕಂಬಳಿ ಇಳಿಸುವ ನಮ್ಮ ಸೈನಿಕರು. ಮಿತ್ರ ದೇಶದ ಕಷ್ಟಕ್ಕೆ ಮೊದಲು ಓಡಿದವರು ನಾವೇ ಎಂದು ಸುದ್ದಿ ಓದುವವರ ದನಿ ಉಬ್ಬುತ್ತಿತ್ತು. ನಮ್ಮ ಎದೆಯೂ ಉಬ್ಬಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಕಡೆ ಎಲ್ಲಿ ನೆರೆ ಬಂದರೂ ಹೆಂಗಸರು ರೊಟ್ಟಿ ಬಡಿಯುತ್ತಾರೆ. ಒಣಗಿಸಿದ ಜೋಳದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಓಣಿಯ ಮನೆಮನೆಯಲ್ಲೂ ಹಂಚು ಕಾದವು. ಒಣಗಿದ ರೊಟ್ಟಿಗಳನ್ನು ಚೀಲಕ್ಕೆ ತುಂಬಿ ಹೊಲಿದವನು ಗೂರ್ಖಾ. ಹೊಲಿಯುತ್ತ ಗಳಿಗೆಗೊಮ್ಮೆ ಮೊಬೈಲ್ ತೆಗೆದು ನೋಡುತ್ತಿದ್ದ. ಗುಡ್ಡದ ಮೇಲಿನ ಊರು, ತಾಯಿ ಒಬ್ಬಳೇ ಇದ್ದಳು. ಮೂರು ದಿನ ಫೋನ್ ಬರಲಿಲ್ಲ.

ನಾಲ್ಕನೆಯ ದಿನ ಬಂತು. ಮನೆ ತಾಯಿಯ ಮೇಲೆ ಬಿದ್ದಿತ್ತು, ಊರವರೇ ಚಿತೆಗೆ ಬೆಂಕಿ ಕೊಟ್ಟಿದ್ದರು, ಗುಡ್ಡ ಜರಿದು ದಾರಿ ಮುಚ್ಚಿತ್ತು. ಈಗ ಬರಬೇಡ ಎಂದರಂತೆ.

ಸಾವಾದ ಮನೆಯಲ್ಲಿ ನಾವು ಒಲೆ ಹಚ್ಚಗೊಡುವುದಿಲ್ಲ. ಓಣಿಯವರು ಬುತ್ತಿ ಒಯ್ದು, ಎದುರು ಕೂತು, ಕೈ ಹಿಡಿದು ಅತ್ತು, ಒತ್ತಾಯ ಮಾಡಿ ಉಣಿಸುತ್ತಾರೆ. ಅತ್ತೆ ಹಾಗೆಯೇ ಬಿಸಿ ರೊಟ್ಟಿ, ಬೇಳೆ ಪಲ್ಯ ಕಟ್ಟಿಕೊಂಡು ಗೇಟಿನ ಪಕ್ಕದ ತಗಡಿನ ಕೋಣೆಗೆ ಹೋದರು. ನಾನು ಹಿಂದೆ ನೀರಿನ ತಂಬಿಗೆ ಹಿಡಿದಿದ್ದೆ. ಅವನು ತಲೆ ಬೋಳಿಸಿ, ಹೊಲಿಗೆಯಿಲ್ಲದ ಬಿಳಿ ಬಟ್ಟೆ ಸುತ್ತಿಕೊಂಡು, ಜೋಳದ ಒಣದಂಟಿನ ಕಣಿಕೆ ಹಾಸಿ ಕೂತಿದ್ದ.

"ಉಣ್ಣು ತಮ್ಮಾ. ಉಪಾಸ ಕುಂತ್ರ ತಾಯಿ ತಿರುಗಿ ಬರತಾಳೇನು?" ಎಂದು ಅತ್ತೆ ಅವನ ಎರಡೂ ಕೈ ಹಿಡಿದು ಅತ್ತರು.

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಅತ್ತೆ ತಾವಾಗಿ ಬಿಟ್ಟ ಮೇಲೆ ಎದ್ದು, ನಲ್ಲಿಯ ಹತ್ತಿರದ ಪೀಪಾಯಿಯಿಂದ ಕೊಡ ತುಂಬಿ, ಉಟ್ಟ ಬಟ್ಟೆಯಲ್ಲೇ ತಲೆಗೆ ಸುರಿದುಕೊಂಡ. ಬುತ್ತಿಯ ಗಂಟು ಬಿಚ್ಚಲಿಲ್ಲ.

"ನಾ ಮುಟ್ಟಿದ್ದಕ್ಕ ಮೈ ತೊಳ್ಕೊಂಡ ನೋಡವ್ವ," ಎಂದರು ಅತ್ತೆ, ಅಂಗೈ ತಿರುವಿ ನೋಡುತ್ತ. "ನನ್ನ ಕೈಗಿ ಏನಾಗ್ಯಾದ?"

ಮರುದಿನ ಅವನು ಮೂರು ಇಟ್ಟಿಗೆ ಹೂಡಿ ತಾನೇ ಅನ್ನ ಬೇಯಿಸಿದ. "ತಾಯಿ ಸತ್ತ ಸುದ್ದಿ ಬಂದು ಒಂದ್ ದಿನ ಆಗಿಲ್ಲ, ಒಲಿ ಹಚ್ಚ್ಯಾನ! ಕಲ್ಲು ಅದಾನ, ಕಲ್ಲು," ಎಂದಳು ಪಕ್ಕದ ಮನೆಯಾಕೆ.

ಚೀಲಗಳನ್ನು ಒಯ್ಯುವ ಗಾಡಿ ಬಂತು. 'ನೇಪಾಳದ ಬಂಧುಗಳಿಗೆ' ಎಂಬ ಬ್ಯಾನರ್ ಕಟ್ಟಿ ಫೋಟೋಕ್ಕೆ ನಿಂತೆವು. ಓಣಿಗೆ ಹಿರಿಯರಾದ ನಿವೃತ್ತ ಮ್ಯಾನೇಜರ್ ಕಾಕಾ, "ಏ ಗೂರ್ಖಾ, ನಡುವ ನಿಂದ್ರು ಬಾ. ನಮ್ಮ ಪಾಲಿಗಿ ನೀನೇ ನೇಪಾಳ!" ಎಂದರು. ಎಲ್ಲರೂ ನಕ್ಕರು. ಕಾಕಾ ಅವನ ಹೆಗಲ ಮೇಲೆ ಕೈ ಹಾಕಲು ಹೋದರು. ಅವನು ಸರಕ್ಕನೆ ಹಿಂದೆ ಸರಿದ. ಫೋಟೋದಲ್ಲಿ ಕಾಕಾನ ಕೈ ಗಾಳಿಯಲ್ಲೇ ಉಳಿದಿದೆ. ಅವರ ಮುಖದ ನಗು ಇನ್ನೂ ಆರಿಲ್ಲ...

ನನ್ನ ಚಹಾವನ್ನೂ ಅವನು ಮುಟ್ಟುತ್ತಿರಲಿಲ್ಲ. ಕೆನೆಗಟ್ಟಿ, ನೊಣ ಬಿದ್ದು, ಹಾಗೇ ಇರುತ್ತಿತ್ತು. ಎಂಟನೆಯ ದಿನ ತಡೆಯಲಾಗದೆ ಕೇಳಿದೆ, "ನನ್ನ ಮ್ಯಾಲೂ ಸಿಟ್ಟಾಗೀರೇನು?"

ಅವನು ದೂರದಲ್ಲೇ ಕೈ ಮುಗಿದ. "ಸಿಟ್ಟು ನಹೀ ದೀದಿ. ನಮ್ಮ ಕಡೆ ಹದಿಮೂರು ದಿನ ನಮಕ್ ಇಲ್ಲ, ಉಪ್ಪು ಇಲ್ಲ. ಬೇರೆಯವರ ಕೈ ಅಡುಗಿ ಇಲ್ಲ. ದಿನಕ್ಕ ಒಂದೇ ಊಟ, ಸ್ವಂತ ಮಾಡಬೇಕು. ಯಾರು ಮುಟ್ಟಿದ್ರೂ ಮತ್ತೆ ಸ್ನಾನ. ಹಾಲು ಒಂದು ವರ್ಷ ಇಲ್ಲ, ತಾಯಿ ಹೋದಳಲ್ಲ..." ನಮ್ಮ ಮನೆಯ ಬಾಗಿಲ ಕಡೆ ನೋಡಿ, "ಮಾಜೀಗೆ ಹೇಳಿ ದೀದಿ. ಬುರಾ ಮತ್ ಮಾನೋ, ಬೇಜಾರು ಮಾಡ್ಕೋಬೇಡಿ ಅಂತ. ಅವರು ಕೈ ಹಿಡಿದಾಗ ಬಿಡಿಸಿಕೊಳ್ಳೋಕೆ ಮನಸ್ಸು ಬರಲಿಲ್ಲ," ಎಂದ.

"ಹಣ್ಣು?" ಎಂದೆ.

"ಹಣ್ಣು ನಡೀತದ."

ಆ ದಿನವೇ ಅಪ್ಪ ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದಿದ್ದರು. ಒಂದು ಚಿಪ್ಪು ಗೋಡೆಯ ಮೇಲಿಟ್ಟು ಹಿಂದೆ ಸರಿದು ನಿಂತೆ. ಅವನು ಒಂದನ್ನು ಎಲೆಯ ಮೇಲೆ ತಾಯಿಗೆಂದು ಎತ್ತಿಟ್ಟ. "ಅಮ್ಮ ಇಷ್ಟು ಕೆಂಪು ಬಾಳೆಹಣ್ಣು ನೋಡೇ ಇಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಅವನು ಅತ್ತದ್ದನ್ನು ಕಂಡದ್ದು ಅದೊಂದೇ ಸಲ.

ಅತ್ತೆಗೆ ಅಂದೇ ಹೇಳಬೇಕಿತ್ತು. ಮನೆಯಲ್ಲಿ ನೆಂಟರಿದ್ದರು, ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಅನ್ನಿಸಿತು, ಹೇಳಿದರೆ ಅವರ ತಪ್ಪು ಎತ್ತಿ ತೋರಿಸಿದಂತಾಗುತ್ತದೆ ಎಂದು. ಹೀಗೇ ದಿನ ಹೋದವು.

ಭಾನುವಾರ ಮುಂಜಾನೆ ಓಣಿಯ ಗಂಡಸರು ನಮ್ಮ ಪಡಸಾಲೆಯಲ್ಲಿ ಸೇರಿದರು. "ನಮ್ಮ ದೇಶ ಹೆಲಿಕಾಪ್ಟರ್ ಕಳಿಸ್ಲಾಕತ್ತದ, ಇಂವ ನೋಡಿದ್ರ ನಮ್ಮ ಕೈ ಝಾಡಸ್ತಾನ," ಎಂದರು ಕಾಕಾ. ಮೂರು ದಿನಕ್ಕೊಮ್ಮೆ ನಲ್ಲಿ ಬರುವಾಗ ದಿನಕ್ಕೆ ನಾಲ್ಕು ಸಲ ಮೀಯುತ್ತಾನೆ ಎಂದು ಇನ್ನೊಬ್ಬರು. ಬೇರೆ ಕಾವಲುಗಾರನನ್ನು ನೋಡುವುದೆಂದು ಮಾತಾಯಿತು.

ನಾನು ಚಹಾದ ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು, ಮಾತಾಡುವುದಿದ್ದರೆ ಕೈ ಎತ್ತಬೇಕು, ಕರೆದ ಮೇಲೆ ಎದ್ದು ಹೇಳಬೇಕು. ನನ್ನ ಎರಡೂ ಕೈಯಲ್ಲಿ ಟ್ರೇ ಇತ್ತು, ಯಾರೂ ಕರೆಯಲಿಲ್ಲ. "ಒಂದು ಕಪ್ ಕಮ್ಮಿ ಬಿದ್ದಾದ ನೋಡವ್ವ," ಎಂದರು ಕಾಕಾ. ನಾನು ಒಳಗೆ ಹೋದೆ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಂತೆ. ಹೊರಗೆ ಬಂದಾಗ ಎಲ್ಲರೂ ಚಪ್ಪಲಿ ಮೆಟ್ಟುತ್ತಿದ್ದರು.

ಹದಿಮೂರು ಮುಗಿದ ದಿನ ಅವನಿಗೆ ಕೆಲಸ ಬಿಡಲು ಹೇಳಿದರು. ಮರುದಿನ ಹೊರಟನಂತೆ. ನಾನು ನೋಡಲಿಲ್ಲ, ಏನೋ ನೆಪ ಹೇಳಿ ಕಮಲಾಪುರಕ್ಕೆ ಹೋಗಿಬಿಟ್ಟಿದ್ದೆ. ಅವನು ರೈಲು ಹತ್ತಿದ ಎರಡನೆಯ ದಿನ ನೇಪಾಳದಲ್ಲಿ ಭೂಮಿ ಮತ್ತೊಮ್ಮೆ ಜೋರಾಗಿ ನಡುಗಿತು. ಆ ಸುದ್ದಿಯನ್ನು ತವರಿನ ಟೀವಿಯಲ್ಲೇ ನೋಡಿದೆ. 'ಗೂರ್ಖಾ' ಎಂದೇ ಬರೆದಿಟ್ಟುಕೊಂಡಿದ್ದ ಅವನ ನಂಬರಿಗೆ ಫೋನ್ ಹಚ್ಚಿದೆ, ಬಂದಾಗಿತ್ತು. ಆಮೇಲೆ ಎಷ್ಟೋ ತಿಂಗಳು ಹಚ್ಚಿದೆ...

ಕಲಬುರಗಿಗೆ ಮರಳಿದಾಗ ತಗಡಿನ ಕೋಣೆ ಗುಡಿಸಿಟ್ಟಿತ್ತು. ಗೋಡೆಯ ಮೇಲೆ ಅದೇ ಜಾಗದಲ್ಲಿ ಸ್ಟೀಲ್ ಲೋಟ, ತೊಳೆದು ಬೋರಲು ಹಾಕಿದ್ದು. ಅವನು ಕುಡಿಯದೆ ಬಿಟ್ಟ ಕೊನೆಯ ಚಹಾದ್ದು.

ಆ ಸಂಜೆ ಅತ್ತೆಗೆ ಎಲ್ಲ ಹೇಳಿದೆ. ಅವರು ಬಿಡಿಸುತ್ತಿದ್ದ ಬೆಳ್ಳುಳ್ಳಿ ಹಾಗೇ ಕೈಯಲ್ಲಿ ನಿಂತಿತು.

"ಅವತ್ತೇ ಯಾಕ ಹೇಳ್ಲಿಲ್ಲವ್ವ? ನಾನೇ ನಡುವ ನಿಂತು ಆ ಮ್ಯಾನೇಜರಗ ನಾಕ್ ಮಾತು ಅಂತಿದ್ದೆ."

ಅತ್ತೆ ಖಂಡಿತ ಅನ್ನುತ್ತಿದ್ದರು, ಅದು ನನಗೆ ಅವತ್ತೂ ಗೊತ್ತಿತ್ತು.

ಹೋದ ವರ್ಷ ಅತ್ತೆ ತೀರಿಕೊಂಡರು. ಓಣಿಯವರು ನಮಗೆ ಒಲೆ ಹಚ್ಚಗೊಡಲಿಲ್ಲ. ಬುತ್ತಿ ತಂದರು, ನನ್ನ ಕೈ ಹಿಡಿದು ಅತ್ತರು, ಕಾಕಾನ ಮನೆಯವರು ತುತ್ತು ಕಲಸಿ ಬಾಯಿಗಿಟ್ಟರು. ನಾನು ಉಂಡೆ. ಅವತ್ತೇ ಯಾಕ ಹೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೇಳಿಸಿಕೊಳ್ಳಬೇಕಾದವರು ಇನ್ನಿಲ್ಲ.

ಮೊನ್ನೆ ತಂದ ಹಣ್ಣುಗಳು ಅಡುಗೆಮನೆಯ ಬುಟ್ಟಿಯಲ್ಲಿವೆ. ಒಂದನ್ನು ಮುಂಜಾನೆ ಕಂಪೌಂಡಿನ ಮೇಲಿಟ್ಟು ಬಂದೆ. ಗೇಟಿನಲ್ಲಿ ಈಗ ಕ್ಯಾಮೆರಾ ಇದೆ, ಯಾರೂ ಕೂರುವುದಿಲ್ಲ. ಮಧ್ಯಾಹ್ನ ನೋಡಿದಾಗ ಸಿಪ್ಪೆ ಕಪ್ಪಾಗಿ ಬಿರಿದು, ಇರುವೆಗಳು ಮುತ್ತಿದ್ದವು. ಎತ್ತಿ ಬಿಸಾಡಿ, ಗೋಡೆ ಒರೆಸಿ ಒಳಗೆ ಬಂದೆ.