ಭರಮವ್ವನ ಎಡಗೈ

ಬ್ಯಾಡಗಿಯಲ್ಲಿ ಭರಮವ್ವನ ಮನೆಗೆ ಹೊಸದಾಗಿ ಹೋದವರ ಕಣ್ಣಿಗೆ ಮೊದಲು ಬೀಳುವುದು ಮಂಚದ ಎತ್ತರ. ನಾಲ್ಕೂ ಕಾಲಿನ ಕೆಳಗೆ ಕಟ್ಟಿಗೆಯ ತುಂಡು ಇಟ್ಟು, ಕಾಲು ಜಾರದಂತೆ ಅದರ ನಡುವೆ ಕುಳಿ ತೋಡಿಸಿ, ಮಂಚವನ್ನು ಒಂದು ಗೇಣು ಮೇಲಕ್ಕೆ ಎಬ್ಬಿಸಿದ್ದಾಳೆ. ಕಾಲ ಕಡೆಗೆ ಗಂಟು ಗಂಟಾಗಿ ಒಂದು ಹಗ್ಗ ಬೇರೆ ಕಟ್ಟಿದೆ. ಇದೇನು ಎಂದು ಕೇಳಿದಿರೋ ಕೆಟ್ಟಿರಿ. ಆಕೆ ಮಲಗಿ, ಹಗ್ಗ ಹಿಡಿದು, ಎದ್ದು ಕುಳಿತು ತೋರಿಸುವ ತನಕ ನಿಮಗೆ ಚಹಾ ಸಿಗುವುದಿಲ್ಲ.

"ನೋಡ್ರಿ, ಮೈ ಎಬ್ಬಸಾಕ ಮಂದಿನ್ನ ಕರೀತಾ ಕುಂತರ ಮಂದಿ ಬ್ಯಾಸರಾಗ್ತಾರ. ಹಗ್ಗ ಬ್ಯಾಸರಾಗೂದಿಲ್ಲ" ಎನ್ನುತ್ತಾಳೆ.

ಅರವತ್ತೇಳರ ಭರಮವ್ವ ನಲವತ್ತು ವರ್ಷ ಇದೇ ಊರಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಗಂಡ ಗೋಣೆಪ್ಪ ಅಲ್ಲಿಯೇ ಹಮಾಲಿ ಮಾಡಿ, ಈಗ ಕಿವಿ ಸ್ವಲ್ಪ ಮಂದವಾಗಿ ಆರಾಮಾಗಿದ್ದಾನೆ. ಮಗ ಮಾಲತೇಶ ಟೆಂಪೋ ಓಡಿಸುತ್ತಾನೆ, ಸೊಸೆ ಮನೆ ನೋಡುತ್ತಾಳೆ. ಎಲ್ಲರೂ ಒಂದೇ ಸೂರಿನಡಿ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಜೋಳದ ಹಿಟ್ಟು ನಾದುತ್ತಿದ್ದ ಭರಮವ್ವನ ಬಲಗೈ ಹಿಟ್ಟಿನಲ್ಲೇ ಸತ್ತಂತೆ ಬಿದ್ದುಬಿಟ್ಟಿತು. ಲಕ್ವಾ. ಆಸ್ಪತ್ರೆ, ಗುಳಿಗೆ, ವ್ಯಾಯಾಮ ಎಲ್ಲ ಆದ ಮೇಲೆ ಕಾಲು ಮರಳಿತು. ಮಾತಂತೂ ಮೊದಲಿಗಿಂತ ಹೆಚ್ಚಾಗಿಯೇ ಮರಳಿತು ಎಂದು ಗೋಣೆಪ್ಪ ಹೇಳುತ್ತಾನೆ. ಕೈ ಮಾತ್ರ ಬರಲಿಲ್ಲ. ಬೆರಳು ಮಡಚಿಕೊಂಡು ಎದೆಯ ಬಳಿ ಕುಳಿತದ್ದು ಕುಳಿತೇಬಿಟ್ಟಿತು.

ಇನ್ನೊಬ್ಬರಾಗಿದ್ದರೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಭರಮವ್ವನೂ ಮಲಗಿದಳು, ಒಂದು ತಿಂಗಳು. ಆಮೇಲೆ ಆಕೆಗೆ ಮಲಗಿ ಬೇಸರವಾಯಿತು. ಬಡಿಗನನ್ನು ಕರೆಸಿ ಹಲಗೆಯೊಂದಕ್ಕೆ ಕೆಳಗಿನಿಂದ ಎರಡು ಮೊಳೆ ಹೊಡೆಸಿ, ಮೇಲೆ ಬಂದ ಮೊನೆಗೆ ಉಳ್ಳಾಗಡ್ಡಿ ಚುಚ್ಚಿ ನಿಲ್ಲಿಸಿ, ಎಡಗೈಯಿಂದ ಹೆಚ್ಚತೊಡಗಿದಳು. ಉಣ್ಣುವ ಗಂಗಾಳ ಸರಿದಾಡದಂತೆ ಅದರ ಕೆಳಗೆ ಒದ್ದೆ ಬಟ್ಟೆ ಹಾಸಿದಳು. ಅರಿವೆ ಹಿಂಡಲು ಎರಡು ಕೈ ಬೇಕಲ್ಲ? ನಳಕ್ಕೆ ಸುತ್ತಿ ಒಂದೇ ಕೈಯಿಂದ ತಿರುವಿದಳು. ಕುಪ್ಪಸದ ಹುಕ್ಕಿನ ಮುಂದೆ ಮಾತ್ರ ಸೋತಿದ್ದಳು. ದರ್ಜಿ ಯೂಸುಫಸಾಬ ಹುಕ್ಕು ಕಿತ್ತು, ಚೀಲಗಳಿಗೆ ಹಚ್ಚುವ, ಒತ್ತಿದರೆ ಅಂಟಿ ಎಳೆದರೆ ಚರ್ ಎನ್ನುವ ಪಟ್ಟಿ ಹೊಲಿದುಕೊಟ್ಟ. ಆ ದಿನ ಭರಮವ್ವ ಸುಮ್ಮಸುಮ್ಮನೆ ಹತ್ತು ಸಲ ಚರ್ ಎನಿಸಿದ್ದಳಂತೆ.

ಸುದ್ದಿ ಓಣಿಯಲ್ಲಿ ಹರಡಿತು. ಈಗ ಸಂಜೆಯಾದರೆ ಆಕೆಯ ಕಟ್ಟೆಯ ಮೇಲೆ ಮೊಣಕಾಲು ಹೋದವರು, ಸೊಂಟ ಹೋದವರು, ಕಣ್ಣು ಮಬ್ಬಾದವರ ದರಬಾರು. ಕೈ ನಡುಗುವ ಮೈಲಾರೆಪ್ಪನ ಚಮಚೆಗೆ ಸೈಕಲ್ ಟ್ಯೂಬು ಸುತ್ತಿಸಿ ದಪ್ಪ ಮಾಡಿಸಿದವಳು ಅವಳೇ. ಹಗಲಿನ ಗುಳಿಗೆಯ ಡಬ್ಬಿಗೆ ಒಂದು ರಬ್ಬರು, ರಾತ್ರಿಯದಕ್ಕೆ ಎರಡು ಹಾಕಿ, ಕಣ್ಣಿಗಿಂತ ಬೆರಳು ನಂಬಿಗಸ್ತ ಎಂದು ಹೇಳಿಕೊಟ್ಟವಳೂ ಅವಳೇ. ಉಪಾಯ ಮುಗಿದ ಮೇಲೆ ಹಳೆಯ ಮಾತು ಶುರು. ಸುಗ್ಗಿಯಲ್ಲಿ ಮಾರುಕಟ್ಟೆಯ ತುಂಬ ಕೆಂಪು ರಾಶಿ, ನೂರಾರು ಹೆಂಗಸರು, ಒಬ್ಬಳು ಸೀನಿದರೆ ಸಾಲು ಸಾಲೇ ಸೀನುತ್ತಿದ್ದದ್ದು. ಆಗ ಭರಮವ್ವನ ಎರಡು ಕೈಯ ಓಟ ನೋಡಿ ದಲಾಲರೂ ನಿಂತುಬಿಡುತ್ತಿದ್ದರು ಎಂದು ಪಕ್ಕದ ಮನೆಯ ಶರೀಫಾಬಿ ಸಾಕ್ಷಿ ಹೇಳುತ್ತಾಳೆ. ಆಕೆಯೂ ಅದೇ ಸಾಲಿನಲ್ಲಿ ಕುಳಿತವಳು.

ಇಷ್ಟೆಲ್ಲ ಯುಕ್ತಿಯ ಹೆಂಗಸಿಗೆ ಒಂದು ವಿಷಯದಲ್ಲಿ ಯಾವ ಯುಕ್ತಿಯೂ ಹೊಳೆದಿರಲಿಲ್ಲ. ಯಾರದೇ ಮನೆಯ ಕಾರಣಕ್ಕೆ, ಅಂದರೆ ಮದುವೆ, ತೊಟ್ಟಿಲಂಥ ಶುಭಕಾರ್ಯಕ್ಕೆ, ಕರೆ ಬಂದರೆ ಭರಮವ್ವನಿಗೆ ತಟ್ಟನೆ ಕಾಲು ನೋವು ಬರುತ್ತಿತ್ತು.

ಅದರ ಮೂಲ ಹಾವೇರಿಯಲ್ಲಿ ನಡೆದ ಒಂದು ಸಂಗತಿ. ಲಕ್ವಾ ಹೊಡೆದ ಮೇಲೆ ಮೊದಲ ಸಲ ಸಂಬಂಧಿಕರ ತೊಟ್ಟಿಲ ಕಾರಣಕ್ಕೆ ಹೋಗಿದ್ದಳು. ಬಾಣಂತಿಗೆ ಕುಂಕುಮ ಹಚ್ಚಲು ಎಡಗೈ ಮುಂದೆ ಮಾಡಿದಾಗ ಅತ್ತಿಗೆ ಚೌಡವ್ವ ಮೆಲ್ಲಗೆ ಆ ಕೈ ಹಿಡಿದುಬಿಟ್ಟಳು. ಚೌಡವ್ವ ಗೋಣೆಪ್ಪನ ಅಕ್ಕ, ಗುತ್ತಲದವಳು, ಎಂಬತ್ತು ದಾಟಿದರೂ ಮನೆತನದ ಯಾವ ಕಾರಣವೂ ಆಕೆಯ ಅಪ್ಪಣೆಯಿಲ್ಲದೆ ನಡೆಯುವುದಿಲ್ಲ. "ಎಡಗೈಲೆ ಬ್ಯಾಡವಾ ಭರಮಿ, ನೀ ಕುಂದರು" ಎಂದಳು. ಬೈಯಲಿಲ್ಲ. ಬೈದಿದ್ದರೆ ಭರಮವ್ವ ತಿರುಗಿ ಬೈದು ಮರೆಯುತ್ತಿದ್ದಳು. ಮೆತ್ತಗೆ ಹೇಳಿದ್ದರಿಂದಲೇ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಹೀಗಿರುವಾಗ ರಾಣೇಬೆನ್ನೂರಿನಿಂದ ಮೊಮ್ಮಗಳು ದೀಪಿಕಾಳ ಫೋನು ಬಂತು. ಮಾಲತೇಶನ ಮಗಳು, ಶಾಲೆಯಲ್ಲಿ ಟೀಚರು, ಏಳು ತಿಂಗಳ ಬಸುರಿ. ಗಂಡನ ಮನೆಯಲ್ಲಿ ಕುಬಸದ ಕಾರಣ ಇಟ್ಟಿದ್ದರು; ಹಸಿರು ಸೀರೆ ಉಡಿಸಿ, ಬಸುರಿಯ ಉಡಿ ತುಂಬುವ ದಿನ.

"ಆಯಿ, ಮೊದಲನೇ ಉಡಿ ನೀನ ತುಂಬಬೇಕು."

"ನನ್ನ ಕಾಲು ಭಾಳ ನೋಯಾಕತ್ತೈತವಾ."

"ಕಾಲು ನೋಯೂದಿಲ್ಲ, ನನಗ ಗೊತ್ತೈತಿ. ನೀ ಬರಲಿಲ್ಲಂದ್ರ ನಾ ಮಣಿ ಮ್ಯಾಲ ಕುಂದ್ರೂದಿಲ್ಲ, ನೋಡ್ಕೊ."

ಫೋನು ಇಟ್ಟ ಮೇಲೆ ಭರಮವ್ವ ಬಹಳ ಹೊತ್ತು ಸುಮ್ಮನೆ ಕುಳಿತಳು. ಆಕೆ ಸುಮ್ಮನೆ ಕುಳಿತದ್ದು ಕಂಡು ಗೋಣೆಪ್ಪ ಗಾಬರಿಯಾಗಿ ಮತ್ತೆ ಲಕ್ವಾ ಹೊಡೆಯಿತೇನೋ ಎಂದು ಹತ್ತಿರ ಬಂದು ನೋಡಿದ.

ಉಡಿ ತುಂಬುವುದೆಂದರೆ ಐದು ಬೊಗಸೆ ಅಕ್ಕಿ. ಬೊಗಸೆಗೆ ಎರಡು ಕೈ ಬೇಕು. ಮರುದಿನ ಮಧ್ಯಾಹ್ನ ಶರೀಫಾಬಿಯನ್ನು ಕರೆದು, ಬಾಗಿಲು ಮುಂದೆ ಮಾಡಿ, ಮೊರದ ತುಂಬ ಜೋಳ ಇಟ್ಟುಕೊಂಡು ಭರಮವ್ವ ಅಭ್ಯಾಸಕ್ಕೆ ಕುಳಿತಳು. ಮಡಚಿದ ಬಲಗೈಯ ಮಣಿಕಟ್ಟನ್ನು ಕೆಳಗೆ ಬಗ್ಗಿಸಿದರೆ ಬೆರಳು ಸ್ವಲ್ಪ ಸಡಿಲಾಗುತ್ತವೆ ಎಂಬುದು ಆಕೆ ಕಂಡುಕೊಂಡಿದ್ದ ಗುಟ್ಟು. ಹಾಗೆ ಬಿಡಿಸಿ, ಎಡಗೈಯನ್ನು ಅದರ ಬದಿಗೆ ಒತ್ತಿ, ಜೋಳ ಗೋರಿ ಎತ್ತಬೇಕು. ಶರೀಫಾಬಿ ಸೆರಗು ಒಡ್ಡಿ ಕುಳಿತಳು.

"ಭರಮಕ್ಕಾ, ನನಗ ಎಷ್ಟನೇ ತಿಂಗಳಂತ ತಿಳಕೊಳ್ಳಲಿ?"

"ನಗಿಸಬ್ಯಾಡ ನಮ್ಮವ್ವ, ಜ್ವಾಳ ಚೆಲ್ತಾವ."

"ಅರವತ್ತೈದಕ್ಕ ಉಡಿ ತುಂಬಿಸ್ಕೊಳ್ಳಾಕತ್ತೇನಿ. ನಮ್ಮ ಮನಿಯವರಿಗೆ ಗೊತ್ತಾದ್ರ ಪೇಡೆ ಹಂಚ್ತಾರ!"

ಜೋಳವೆಲ್ಲ ಚೆಲ್ಲಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನೋಡಿದರೆ ಭರಮವ್ವನ ನಗೆ ನಿಂತಿತ್ತು, ನೀರು ನಿಂತಿರಲಿಲ್ಲ.

"ಅಷ್ಟ್ಯಾಕ ತ್ರಾಸ ಮಾಡ್ಕೋತಿ? ಎಡಗೈಲೆ ತುಂಬು" ಎಂದಳು ಶರೀಫಾಬಿ.

"ಬ್ಯಾರೆ ಯಾರಿಗರೆ ಎಡಗೈಲೆ ತುಂಬೇನು, ಶರೀಫಾ. ದೀಪಿಕಾಗ ಹೆಂಗ ತುಂಬಲಿ? ಯಾವ ಮಾರಿ ಇಟ್ಕೊಂಡು ತುಂಬಲಿ?"

ಆಗ ಹೊರಬಂತು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ದೀಪಿಕಾ ಹುಟ್ಟಾ ಎಡಚಿ. ತುತ್ತು, ಬಳಪ, ಬಾಚಣಿಗೆ ಎಲ್ಲವೂ ಎಡಗೈಗೆ. ಹೆಣ್ಣುಮಗು ಎಡಗೈಲೆ ಉಂಡರೆ ನಾಳೆ ಕೊಟ್ಟ ಮನೆಯವರು ಏನೆಂದಾರು ಎಂಬ ಚಿಂತೆ ಭರಮವ್ವನಿಗೆ. ಬೈದು ನೋಡಿದಳು, ಕೈಗೆ ವಸ್ತ್ರ ಕಟ್ಟಿ ನೋಡಿದಳು. ಕೊನೆಗೆ ಮೆಣಸಿನಕಾಯಿ ಅರೆದು ಆ ಪುಟ್ಟ ಎಡಗೈಗೆ ಹಚ್ಚಿದಳು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಮಗು ಅದನ್ನು ನೆಕ್ಕಿ ನಕ್ಕಿತು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ದಿನವೂ ಕಾಯಿಯಲ್ಲೇ ಕೈಯಾಡಿಸಿ ಅದರ ಗುಣ ಬಲ್ಲವಳಲ್ಲವೇ! ಮರುದಿನ ಮಾರುಕಟ್ಟೆಯಿಂದ ಗುಂಟೂರಿನ ಖಾರದ ಕಾಯಿಯನ್ನೇ ಆರಿಸಿ ತಂದು ಹಚ್ಚಿದಳು. ಮಗು ಆ ಕೈಯಿಂದ ಕಣ್ಣು ಉಜ್ಜಿಕೊಂಡಿತು. ಅದರ ಕೂಗು ಓಣಿಯ ಆಚೆಗೂ ಕೇಳಿತು. ಅಂದಿನಿಂದ ದೀಪಿಕಾ ಬಲಗೈಲೇ ಉಂಡಳು, ಬಲಗೈಲೇ ಬರೆದಳು. ಭರಮವ್ವ ಗೆದ್ದೆ ಎಂದು ಓಣಿಗೆಲ್ಲ ಹೇಳಿಕೊಂಡು ತಿರುಗಿದ್ದಳು.

"ಈಗ ನೋಡು, ದೇವರು ನನ್ನನ್ನ ಎಡಚಿ ಮಾಡಿ ಕುಂದ್ರಿಸ್ಯಾನ. ಮಾಡಿದ್ದುಣ್ಣೋ ಮಹಾರಾಯ. ಆ ಹುಡುಗಿ ಮುಂದ ಈ ಕೈ ಹಿಡಿಯಾಕ ನನಗ ನಾಚಿಕಿ ಬರತೈತಿ."

ಶರೀಫಾಬಿ ಚೆಲ್ಲಿದ ಜೋಳ ಬಳಿದು ಮೊರಕ್ಕೆ ಹಾಕಿ, ಮತ್ತೆ ಸೆರಗು ಒಡ್ಡಿದಳು. "ಏಳನೇ ತಿಂಗಳ ಅಂತ ಇಟ್ಕೊ. ತುಂಬು" ಎಂದಳು.

ಎಂಟು ದಿನದಲ್ಲಿ ಐದರಲ್ಲಿ ಮೂರು ಬೊಗಸೆ ಚೆಲ್ಲದಂತಾದವು.

ಕಾರಣದ ದಿನ ಮಾಲತೇಶನ ಟೆಂಪೋದಲ್ಲಿ ಬುತ್ತಿಯ ಬುಟ್ಟಿ, ಹಣ್ಣು, ಹೂವು, ಹೆಣ್ಣುಮಕ್ಕಳು, ಎಲ್ಲರ ನಡುವೆ ಒತ್ತಿಕೊಂಡು ಶರೀಫಾಬಿ. ಕದರಮಂಡಲಗಿಯಲ್ಲಿ ಇಳಿದು ಆಂಜನೇಯನಿಗೆ ಕಾಯಿ ಒಡೆಸಿದರು. ಭರಮವ್ವ ದೇವರಲ್ಲಿ ಬೇಡಿಕೊಂಡದ್ದು ಇಷ್ಟೇ: ಕೈ ವಾಪಸ್ಸು ಕೊಡಬೇಡ, ಐದು ಬೊಗಸೆಯಷ್ಟು ಹೊತ್ತು ಕಡ ಕೊಡು.

ರಾಣೇಬೆನ್ನೂರಿನ ಮನೆ ಹೆಂಗಸರಿಂದ ತುಂಬಿತ್ತು. ಹಸಿರು ಸೀರೆ, ಹಸಿರು ಬಳೆಯ ದೀಪಿಕಾ ಮಣೆಯ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಚೌಡವ್ವ. "ಮೊದಲನೇ ಉಡಿ ನಮ್ಮಾಯೀದು" ಎಂದು ದೀಪಿಕಾ ಎಲ್ಲರಿಗೂ ಕೇಳುವಂತೆ ಹೇಳಿದಳು. ಚೌಡವ್ವ ಹುಬ್ಬು ಏರಿಸಿದಳು.

ಭರಮವ್ವ ಮುಂದೆ ಬಂದು ಕುಳಿತಳು. ಬಲಗೈಯ ಮಣಿಕಟ್ಟು ಬಗ್ಗಿಸಿದಳು. ಬೆರಳು ಬಿಡಲಿಲ್ಲ. ಆ ಕೈಯ ಸ್ವಭಾವವೇ ಹಾಗೆ, ಮನಸ್ಸು ಗಾಬರಿಯಾದಷ್ಟೂ ಅದು ಮುಷ್ಟಿ ಬಿಗಿಯುತ್ತದೆ. ಹೇಗೋ ಅಕ್ಕಿ ಗೋರಿ ಎತ್ತಿದಳು. ಉಡಿಯ ಹತ್ತಿರ ಬರುವಷ್ಟರಲ್ಲಿ ಬಲಗೈ ನಡುಗಿ ಹೊರಳಿತು, ಅಕ್ಕಿಯೆಲ್ಲ ನೆಲಕ್ಕೆ.

"ಇರಲಿ ಬಿಡವಾ ಭರಮಿ, ನಿನ್ನ ಸೊಸಿ ತುಂಬತಾಳ" ಎಂದಳು ಚೌಡವ್ವ, ಅದೇ ಮೆತ್ತಗಿನ ದನಿಯಲ್ಲಿ.

ಭರಮವ್ವ ಏಳಲು ಹೊರಟಳು. ದೀಪಿಕಾ ಆಕೆಯ ಎಡಗೈ ಹಿಡಿದು ಕೂಡಿಸಿದಳು.

"ಆಯಿ, ಈ ಕೈಲೆ ತುಂಬು."

"ಬ್ಯಾಡವಾ. ಇದ ಎಡಗೈ ಸಲುವಾಗಿ ನಾ ನಿನ್ನ..." ಭರಮವ್ವ ಕೈ ಬಿಡಿಸಿಕೊಳ್ಳಲು ನೋಡಿದಳು, ಮೊಮ್ಮಗಳು ಬಿಡಲಿಲ್ಲ. ಕೊನೆಗೆ ನಡುಮನೆಯಲ್ಲಿ, ಬೀಗರ ಎದುರಿಗೇ ಹೇಳಿಬಿಟ್ಟಳು. "ಐದು ವರ್ಷದ ಕೂಸಿನ ಕೈಗೆ ಖಾರ ಹಚ್ಚಿದ ಪಾಪಿ ನಾನು. ತಪ್ಪಾತವಾ, ಭಾಳ ತಪ್ಪಾತು. ಎಡಗೈ ಅಂದ್ರ ಏನಂತ ನನಗ ಈಗ ಗೊತ್ತಾಗೈತಿ."

"ಗೊತ್ತಾಗೈತೆಲ್ಲ, ತುಂಬು ಮತ್ತ" ಎಂದಳು ದೀಪಿಕಾ. ಆಕೆಯ ಕಣ್ಣೂ ಒದ್ದೆಯಾಗಿದ್ದವು, ಆದರೆ ಸೆರಗು ಒಡ್ಡಿದ ಕೈ ಕದಲಲಿಲ್ಲ.

ಭರಮವ್ವ ಎಡಗೈ ತುಂಬ ಅಕ್ಕಿ ತೆಗೆದು ಉಡಿಗೆ ಹಾಕಿದಳು. ಒಂದು ಕಾಳು ಚೆಲ್ಲಲಿಲ್ಲ. ಎರಡನೆಯದು ಹಾಕಿದಳು. ಎಲ್ಲರೂ ಚೌಡವ್ವನ ಮುಖ ನೋಡುತ್ತಿದ್ದರು. ಮೂರನೆಯದನ್ನು ಹಾಕಿ ಭರಮವ್ವ ಲೆಕ್ಕ ತಪ್ಪಿದವಳಂತೆ ತಡೆದಾಗ ಕುರ್ಚಿಯಿಂದ ದನಿ ಬಂತು.

"ಮೂರಾತು. ಇನ್ನೆರಡು ಹಾಕು, ಅರ್ಧಕ್ಕ ಬಿಟ್ಟೀ. ಅಲ್ಲಲ್ಲ, ಒಂದ ಕೈಲೆ ಹಾಕೂದಂದ್ರ ಹತ್ತು ಹಾಕಬೇಕಾಗತೈತಿ ನೋಡು. ಬೊಗಸಿ ತುಂಬಬೇಕಲ್ಲ!"

ಹೆಂಗಸರು ಗೊಳ್ಳೆಂದರು. ಭರಮವ್ವ ಹತ್ತನ್ನೂ ಹಾಕಿದಳು. ಚೌಡವ್ವ ಒಂದೊಂದನ್ನೂ ಗಟ್ಟಿಯಾಗಿ ಎಣಿಸಿದಳು. ಹಿಂದೆ ನಿಂತಿದ್ದ ಶರೀಫಾಬಿ ಮೂಗು ಸೇರಿಸಿ ಮುಖವನ್ನೆಲ್ಲ ಸೆರಗಿನಲ್ಲಿ ಒರೆಸಿಕೊಂಡಳು.

ಊಟಕ್ಕೆ ಪಂಕ್ತಿ ಕುಳಿತರು. ಎಡಗೈಯಿಂದ ಉಣ್ಣುವವರ ಮೊಣಕೈ ಪಕ್ಕದವರಿಗೆ ತಾಗುತ್ತದೆಂದು ಭರಮವ್ವ ಸಾಲಿನ ಎಡತುದಿಯಲ್ಲಿ ಕುಳಿತಳು. ದೀಪಿಕಾ ಬಂದು ಆಕೆಯ ಪಕ್ಕಕ್ಕೇ ಕುಳಿತಳು. ನೀರು ತರಿಸಿ ಕೈ ತೊಳೆದಳು. ಅತ್ತೆ, ಮಾವ, ಬಂದ ಬೀಗರು ಎಲ್ಲರೂ ನೋಡುತ್ತಿದ್ದಂತೆ ಎಲೆಯ ಮೇಲಿನ ರೊಟ್ಟಿಗೆ ಎಡಗೈ ಹಾಕಿದಳು.

ರೊಟ್ಟಿ ಮುರಿಯಲಿಲ್ಲ. ಎಲೆಯಲ್ಲಿ ಗಿರಗಿರ ತಿರುಗಿತು. ಮತ್ತೊಮ್ಮೆ ಹಿಡಿದಳು, ಬದನೆ ಎಣಗಾಯಿಯ ರಸ ಹಸಿರು ಸೀರೆಗೆ ಸಿಡಿಯಿತು. ಆ ಕೈ ಎಲ್ಲವನ್ನೂ ಮರೆತುಬಿಟ್ಟಿತ್ತು. ದೀಪಿಕಾ ನಾಚಿ ನಕ್ಕಳು.

ಭರಮವ್ವ ತನ್ನ ಎಲೆ ಬಿಟ್ಟು ಮೊಮ್ಮಗಳ ಕಡೆ ಬಾಗಿದಳು. "ಹಂಗಲ್ಲ. ಕಿರಿಬೆರಳು, ಉಂಗುರದ ಬೆರಳು ಎರಡರಿಂದ ರೊಟ್ಟಿ ಒತ್ತಿ ಹಿಡಿ. ಹಾಂ. ಈಗ ಹೆಬ್ಬಟ್ಟಿಲೆ ಮುರಿ. ಲಗೂ ಮಾಡಬ್ಯಾಡ. ಇಪ್ಪತ್ತೆರಡ ವರ್ಷ ಸುಮ್ಮ ಕುಂತ ಕೈ ಅದು, ಕಲಿಯಾಕ ಹೊತ್ತು ಹಿಡೀತೈತಿ."

ಮೂರನೆಯ ಸಲಕ್ಕೆ ರೊಟ್ಟಿ ಟಕ್ಕನೆ ಮುರಿಯಿತು. ದೀಪಿಕಾ ಆ ತುಂಡನ್ನು ಎಣಗಾಯಿಯಲ್ಲಿ ಅದ್ದಿ, ಎಡಗೈಯಿಂದಲೇ ಎತ್ತಿ, ಆಯಿಯ ಬಾಯಿಯ ಮುಂದೆ ಹಿಡಿದಳು. ಭರಮವ್ವ ಬಾಯಿ ತೆರೆದು ತಿಂದಳು.