ಭೂಸನೂರ ದಾರಿಯಲ್ಲಿ ತುಂಬಿದ ಉಡಿ

ದೆವ್ವ, ಮಾಟ, ಶಕುನ ಇವುಗಳನ್ನು ನಾನು ಎಂದೂ ನಂಬಿದವಳಲ್ಲ. ನಮ್ಮಪ್ಪ ನಂಬಗೊಡಲಿಲ್ಲ ಎನ್ನುವುದೇ ಸರಿ. ಖಜೂರಿಯಲ್ಲಿ ನಮ್ಮ ಹೊಲದ ಬದುವಿನ ಹುಣಸೆಮರದಲ್ಲಿ ಏನೋ ಇದೆಯೆಂದು ಊರವರು ಹೆದರುತ್ತಿದ್ದರೆ, ಅಪ್ಪ ನಡುಮಧ್ಯಾಹ್ನವೇ ಆ ಮರ ಹತ್ತಿ ಹಣ್ಣು ಕೆಡವಿ ತಂದು ಸಾರು ಮಾಡಿಸುತ್ತಿದ್ದ. ಕೊರಳಲ್ಲಿ ಲಿಂಗ ಇರುವವರಿಗೆ ಇದೆಲ್ಲ ಯಾಕೆ ಎನ್ನುವುದು ಅವನ ಮಾತು. ಯಾರಾದರೂ ಇಂಥ ಕಥೆ ಶುರುಮಾಡಿದರೆ ನಾನು ಎದ್ದು ಒಳಗೆ ಹೋಗಿ ಚಹಾ ಮಾಡುತ್ತಿದ್ದೆ. ಈಗ ನೀವು ಎದ್ದು ಹೋದರೂ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಾವಿರುವುದು ಬಳ್ಳಾರಿಯಲ್ಲಿ. ಪ್ರತಿ ಚಳಿಗಾಲ ನಮ್ಮ ಹಳೇ ಕಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಹೊರಟು ಇಬ್ಬರ ತಾಯಂದಿರನ್ನೂ ನೋಡಿಕೊಂಡು ಬರುವುದು ರೂಢಿ. ಮೊದಲು ಜೇವರ್ಗಿ ಕಡೆಯ ಅಂದೋಲಾ, ಅಲ್ಲಿ ನಮ್ಮತ್ತೆ. ಕಿವಿ ಕೇಳದಿದ್ದರೂ ಇಡೀ ಮನೆಯನ್ನು ಬೈದು ನಡೆಸುವ ಗಟ್ಟಿ ಮುದುಕಿ. ಅಲ್ಲಿ ಒಂದು ರಾತ್ರಿ ಇದ್ದು, ಭೀಮಾ ನದಿ ದಾಟಿ ಅಫಜಲಪುರದ ನಾದಿನಿಯ ಮನೆಯಲ್ಲಿ ಊಟ ಮಾಡಿ, ಭೂಸನೂರ, ಆಳಂದ ಹಾದು ಸಂಜೆಗೆ ನನ್ನ ತವರು ಖಜೂರಿ ಸೇರುವುದು. ದಾರಿ ದೂರದ್ದೇ. ಅದನ್ನು ಇನ್ನಷ್ಟು ದೂರ ಮಾಡುವವರು ನಮ್ಮ ಮನೆಯವರು. ಮಂಡಕ್ಕಿ ಸುಸಲಾ, ಮಿರ್ಚಿ ಭಜಿ ಕಂಡ ಕಡೆಯೆಲ್ಲ ಅವರ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ.

ಆ ವರ್ಷ ನಾನು ಒಂದು ಆಸೆ ಇಟ್ಟುಕೊಂಡು ಹೊರಟಿದ್ದೆ. ಮದುವೆಯಾದ ಮಗಳು ತವರಿನಿಂದ ಹೊರಡುವಾಗ ತಾಯಿ ಅವಳ ಸೆರಗಿನಲ್ಲಿ ಜೋಳ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು, ಕುಪ್ಪಸದ ಖಣ ಹಾಕಿ ಉಡಿ ತುಂಬಿ ಕಳಿಸುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಉಡಿ ಮುಟ್ಟಲಿಲ್ಲ. ಆ ಕೆಲಸ ಅಣ್ಣನ ಹೆಂಡತಿ, ನಮ್ಮ ವೈನಿಯದಾಯಿತು. ನಮ್ಮ ಧರ್ಮದಲ್ಲಿ ಗಂಡನಿಲ್ಲದವಳಿಗೆ ಇಂಥ ಕಟ್ಟಳೆ ಇಲ್ಲವೆಂದು ಜಗಳವಾಡಿದೆ, ಅತ್ತು ಕರೆದೆ, ಊಟ ಬಿಟ್ಟೆ. ಅಪ್ಪನ ಮಾತನ್ನೆಲ್ಲ ಒಪ್ಪುತ್ತಿದ್ದ ಅವ್ವ ಇದೊಂದನ್ನು ಒಪ್ಪಲಿಲ್ಲ. "ನಿನಗ ಛಲೋ ಆಗಬೇಕಂದ್ರ ನನ್ನ ಕೈ ಬ್ಯಾಡವ್ವ," ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಬರಬರುತ್ತ ಅವ್ವನಿಗೆ ಮರೆವು ಹತ್ತಿತು. ಅಣ್ಣನನ್ನೇ ಯಾವೂರವರೆಂದು ಕೇಳುವಷ್ಟಾಯಿತು. ನಾನು ಹೋದರೆ ಯಾರೋ ಬೀಗರು ಬಂದರೆಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಎಲ್ಲ ಮರೆತವಳು ಅಪ್ಪ ಸತ್ತದ್ದನ್ನೂ ಮರೆತಿರಬಹುದು, ಈ ಸಲ ಉಡಿ ಒಡ್ಡಿ ಕೂತರೆ ತುಂಬಿಬಿಡಬಹುದು ಎನ್ನುವುದೇ ನನ್ನ ಆಸೆ. ಒಳ್ಳೆಯ ಆಸೆಯೋ ಕೆಟ್ಟದ್ದೋ ನೀವೇ ಹೇಳಿ. ಅವ್ವ ಅನ್ನ ಬಿಟ್ಟಿದ್ದಾಳೆ, ಬೇಗ ಬಾ ಎಂದು ಅಣ್ಣ ಫೋನು ಮಾಡಿದ್ದ. ಮನೆಯವರಿಗೆ ಎಲ್ಲ ಹೇಳಿದೆ. ಅವರು ಶಹಾಪುರ ದಾಟಿದ ಮೇಲೆ ಚಹಾಕ್ಕೆ ಒಮ್ಮೆಯೂ ನಿಲ್ಲಿಸಲಿಲ್ಲ.

ಮರುದಿನ ಅಫಜಲಪುರದಲ್ಲಿ ಊಟ ಮುಗಿಸಿ ಹೊರಟೆವು. ಕಬ್ಬಿನ ಹಂಗಾಮು. ಭೂಸನೂರ ಇನ್ನೂ ಮುಂದಿರುವಾಗಲೇ ಟ್ರ್ಯಾಕ್ಟರಿನ ಟ್ರಾಲಿಯೊಂದು ಮಗುಚಿ ಕಬ್ಬೆಲ್ಲ ರಸ್ತೆಯ ಮೇಲೆ ಬಿದ್ದಿತ್ತು. ಗಾಡಿಗಳು ಸಾಲಾಗಿ ನಿಂತಿದ್ದವು. ಮನೆಯವರು ಉಳಿದವರ ಜೊತೆ ಕಬ್ಬು ಸರಿಸಲು ಮುಂದೆ ಹೋದರು. ನಾನು ಇಳಿದು ಬೇವಿನ ಮರದ ನೆರಳಿಗೆ ನಿಂತೆ. ಬಿಸಿಲು ಇನ್ನೂ ಇತ್ತು. ಹೊತ್ತಾದರೆ ಅವ್ವ ಮಲಗಿಬಿಡುತ್ತಾಳೆ, ಬೆಳಗಾದರೆ ಹೇಗಿರುತ್ತಾಳೋ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಆಗ ಪಕ್ಕದ ತೊಗರಿ ಹೊಲದ ಕಡೆಯಿಂದ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಒಂದು ಗಂಟು. ಬಿಸಿಲು ಅವಳ ಬೆನ್ನಿಗಿತ್ತು, ಮುಖ ಸರಿಯಾಗಿ ಕಾಣಲಿಲ್ಲ. ಕಬ್ಬು ಕಡಿಯುವವರ ಪೈಕಿ ಇರಬೇಕೆಂದುಕೊಂಡೆ. ತವರಿಗೆ ಹೊರಟಿದ್ದೀಯಾ ಎಂದು ಕೇಳಿದಳು, ಹೌದೆಂದೆ. ಗಂಟು ಬಿಚ್ಚುತ್ತ, "ಉಡಿ ಒಡ್ಡು," ಅಂದಳು.

ನನಗೆ ನಗು ಬಂತು. "ಈಗ ಹೊಂಟೇನ್ರಿ ಆಯಿ. ಉಡಿ ತುಂಬೂದು ತಿರುಗಿ ಬರೂ ಮುಂದ ಅಲ್ಲೇನ್ರಿ?"

"ಅಲ್ಲಿ ಹೋದ ಮ್ಯಾಲ ಆಗಂಗಿಲ್ಲ. ಒಡ್ಡು," ಅಂದಳು.

ಹಿರಿಯಳು ಕೇಳಿದ ಮೇಲೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತು, ಸೆರಗು ತಲೆ ಮೇಲೆ ಎಳೆದುಕೊಂಡು, ಅದರ ತುದಿ ಒಡ್ಡಿ ತಲೆ ತಗ್ಗಿಸಿದೆ. ಉಡಿ ತುಂಬಿಸಿಕೊಳ್ಳುವಾಗ ಯಾರೂ ಮೇಲೆ ನೋಡುವುದಿಲ್ಲ. ಹಾಗಾಗಿ ನಾನು ಕಂಡದ್ದು ಎರಡು ಕೈ ಮಾತ್ರ. ಬಳೆಯಿಲ್ಲದ ಕೈಗಳು. ಬಳೆಯಿಲ್ಲ ಎನ್ನುವುದನ್ನು ಕಂಡು, ಈಕೆಗಾದರೂ ಅವ್ವನ ಹಟ ಇಲ್ಲವಲ್ಲ ಎಂದು ಸಂತೋಷವಾಯಿತು. ಜೋಳ ಹಾಕಿ, ಮಿಕ್ಕದ್ದನ್ನು ಹಾಕಿ, ಸೆರಗನ್ನು ತಾನೇ ಗಂಟು ಕಟ್ಟಿ ನನ್ನ ನಡುವಿಗೆ ಸಿಕ್ಕಿಸಿ ಮೆಲ್ಲಗೆ ತಟ್ಟಿದಳು. ಅವ್ವನೂ ಹಾಗೇ ತಟ್ಟುತ್ತಿದ್ದಳು. ಆದರೆ ನಮ್ಮ ಕಡೆ ಎಷ್ಟೋ ಹೆಂಗಸರು ತಟ್ಟುತ್ತಾರೆ. ಅಷ್ಟರಲ್ಲಿ ದಾರಿ ಬಿಟ್ಟಿತೆಂದು ಮನೆಯವರು ಕೂಗಿದರು. ಅತ್ತ ತಿರುಗಿ ಕೈಮಾಡಿ, ಕಾಲಿಗೆ ಬೀಳೋಣವೆಂದು ಇತ್ತ ನೋಡಿದರೆ ಮುದುಕಿ ಇಲ್ಲ. ಅದರಲ್ಲೇನೂ ಸೋಜಿಗವಿಲ್ಲ, ಬೆಳೆದು ನಿಂತ ತೊಗರಿಯೊಳಗೆ ಕಾಲಿಟ್ಟರೆ ಆಳು ಕಾಣುವುದಿಲ್ಲ. ಯಾವುದೋ ಪುಣ್ಯಾತ್ಗಿತ್ತಿ ಎಂದುಕೊಂಡು ಕಾರು ಹತ್ತಿದೆ.

ಖಜೂರಿ ಸೇರಿದಾಗ ದೀಪ ಹಚ್ಚುವ ಹೊತ್ತು. ಅವ್ವ ಪಡಸಾಲೆಯಲ್ಲಿ ಹಾಸಿಗೆಯ ಮೇಲೆ ಗೋಡೆಗೆ ಒರಗಿದ್ದಳು. ನಾನು ಹೊಸ್ತಿಲು ದಾಟುತ್ತಿದ್ದಂತೆ ತಲೆ ಎತ್ತಿ ನನ್ನ ಹೆಸರು ಹಿಡಿದು ಕರೆದಳು. ಅದೆಷ್ಟೋ ದಿನಗಳಿಂದ ಕೇಳದ ಕೂಗು.

"ಈಗಷ್ಟ ಉಡಿ ತುಂಬಿ ಕಳಸೀನಿ," ಅಂದಳು ಅವ್ವ, ತುಸು ಬೇಸರದಿಂದ. "ಮತ್ತ್ಯಾಕ ತಿರುಗಿ ಬಂದಿ?"

ನನ್ನ ಕೈ ನಡುವಿನ ಗಂಟಿಗೆ ಹೋಯಿತು. ಅವಳು ಮುಂದುವರಿಸಿದಳು. "ಕೊಬ್ಬರಿ ಬಟ್ಟಲ ಸೀಳಿತ್ತು. ಬ್ಯಾರೆ ಸಿಗಲಿಲ್ಲ. ಮನಸಿಗಿ ಹಚಗೋಬ್ಯಾಡ."

ಅಡುಗೆಮನೆಗೆ ಹೋಗಿ ವೈನಿಯ ಮುಂದೆ ಸೆರಗಿನ ಗಂಟು ಬಿಚ್ಚಿದೆ. ದಾರಿಯಲ್ಲಿ ನಾನು ಅದನ್ನು ಬಿಚ್ಚಿ ನೋಡಿರಲೇ ಇಲ್ಲ. ಕೊಬ್ಬರಿ ಬಟ್ಟಲು ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಒಡೆದ ಕೊಬ್ಬರಿಯನ್ನು ಯಾರೂ ಉಡಿಗೆ ಹಾಕುವುದಿಲ್ಲ. ಅವ್ವ ಬೆಳಗಿನಿಂದ ಹಾಸಿಗೆ ಬಿಟ್ಟು ಎದ್ದಿಲ್ಲ, ಮಧ್ಯಾಹ್ನವೆಲ್ಲ ನಿದ್ದೆಯಲ್ಲೇ ಇದ್ದಳು ಎಂದು ವೈನಿ ಎರಡೆರಡು ಸಲ ಹೇಳಿದರು.

ಮನೆಯವರು ರಾತ್ರಿಯೆಲ್ಲ ನನಗೆ ಸಮಾಧಾನ ಹೇಳಿದರು. ಮರೆವಿನವರು ಏನೇನೋ ಆಡುತ್ತಾರೆ, ಕೊಬ್ಬರಿ ಕಾರಿನ ಕುಲುಕಾಟಕ್ಕೆ ಸೀಳಿರಬಹುದು ಎಂದರು. ಸೀಳಿರಬಹುದು. ಅದು ಅವ್ವನಿಗೆ ಹೇಗೆ ಗೊತ್ತಾಯಿತು ಎಂದರೆ, ಮಲಗು, ಬೆಳಿಗ್ಗೆ ನೋಡೋಣ ಎಂದರು. ಬೆಳಿಗ್ಗೆ ಅವ್ವನ ಮುಂದೆ ಉಡಿ ಒಡ್ಡಿ ಕೂತೆ. ಅವಳು ನನ್ನನ್ನು ನೋಡಿ, ಯಾವೂರಿನವರೆಂದು ಮರ್ಯಾದೆಯಿಂದ ಕೇಳಿ, ವೈನಿಯನ್ನು ಕೂಗಿ ನನಗೆ ಚಹಾ ಕೊಡಲು ಹೇಳಿದಳು. ಉಡಿಯನ್ನು ವೈನಿಯೇ ತುಂಬಿದರು. ಬೇಸಿಗೆಗೆ ಮುಂಚೆಯೇ ಅವ್ವ ಹೋದಳು.

ಆಮೇಲೆ ಆ ದಾರಿಯಲ್ಲಿ ಹೋದಾಗೊಮ್ಮೆ ಬೇವಿನ ಮರದ ಹತ್ತಿರ ವಿಚಾರಿಸಿದ್ದೇನೆ. ಕಬ್ಬು ಕಡಿಯುವವರು ವರ್ಷಕ್ಕೊಂದು ತಂಡ ಬರುತ್ತಾರೆ, ಯಾರೆಂದು ಹೇಳುವುದು ಎನ್ನುತ್ತಾರೆ ಅಲ್ಲಿನವರು. ನಾನು ಈಗಲೂ ದೆವ್ವ ಶಕುನ ನಂಬುವುದಿಲ್ಲ. ಆದರೆ ನಿನ್ನವ್ವ ಕೊನೆಗೂ ನಿನಗೆ ಉಡಿ ತುಂಬಿದಳೇ ಎಂದು ಯಾರಾದರೂ ಕೇಳಿದರೆ, ತುಂಬಿದಳು ಎನ್ನುತ್ತೇನೆ. ಎಲ್ಲಿ ಎಂದು ಮಾತ್ರ ಕೇಳಬಾರದು.